ಬೋಣಿ ತೂಕ

ಈ ಕಥೆಯನ್ನು ಮೊದಲು ಹೇಳಿದವಳು ಕಾಶವ್ವ. ಇಂಡಿ ತಾಲೂಕಿನಿಂದ ಬಂದು ಮೂವತ್ತು ವರ್ಷಗಳಿಂದ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ಆರಿಸುತ್ತಿರುವವಳು. ಹೇಳಿದ್ದು ಎರಡು ವರ್ಷಗಳ ಹಿಂದೆ, ಜೂನ್ ತಿಂಗಳಲ್ಲಿ, ಯಾತ್ರೆಗೆ ಹೊರಟ ಸಂತರ ಪಾಲಖಿಗಳು ಊರಿನಲ್ಲಿ ತಂಗಿದ್ದ ಎರಡನೆಯ ದಿನದ ಮಧ್ಯಾಹ್ನ. ದಾರಿಗಳನ್ನು ಮುಚ್ಚಿದ್ದರಿಂದ ಲಾರಿಗಳು ಸಾಸವಡದಲ್ಲಿಯೇ ನಿಂತಿದ್ದವು. ಮುರುಗೆಪ್ಪನವರ ಅಡತಿ ಅಂಗಡಿಯಲ್ಲಿ ಆರಿಸಲು ಉಳ್ಳಾಗಡ್ಡಿ ಇರಲಿಲ್ಲ. ಕೇಳಿದವರು ಎಂಟು ಜನ ಹೆಂಗಸರು, ಖಾಲಿ ಚೀಲಗಳ ಮೇಲೆ ಕಾಲು ಚಾಚಿ ಕುಳಿತವರು. ಕಥೆ ಯಾರದೋ ಆತನೂ ಅಲ್ಲಿಯೇ, ನಾಲ್ಕು ಮಾರು ದೂರದಲ್ಲಿ, ತೂಕದ ಕಾಟಾದ ಹಲಗೆಯ ಮೇಲೆ ಕುಳಿತು ಚೀಲ ಹೊಲಿಯುವ ಸುತಳಿಯ ಗಂಟು ಬಿಡಿಸುತ್ತಿದ್ದ. ಇಡೀ ಕಥೆಯಲ್ಲಿ ಆತ ಬಾಯಿ ತೆರೆದದ್ದು ಒಮ್ಮೆ ಮಾತ್ರ. ಕಾಶವ್ವ ಅರವತ್ತೆರಡು ಕಿಲೋ ಎಂದಾಗ ತಲೆ ಎತ್ತದೆ, "ಅರವತ್ತೆರಡೂವರಿ" ಎಂದ. ಅವಳು ಹೊರಗಿನಿಂದ ಕಂಡದ್ದನ್ನಷ್ಟೇ ಹೇಳಿದಳು. ಒಳಗಿನದು ಆತನೇ ಬೇರೆ ಬೇರೆ ದಿನಗಳಲ್ಲಿ ಬಿಡಿಬಿಡಿಯಾಗಿ ಹೇಳಿದ್ದು, ಅದನ್ನು ಇಲ್ಲಿ ಆಯಾ ಜಾಗದಲ್ಲಿ ನಾನು ಸೇರಿಸಿದ್ದೇನೆ. ಹಮಾಲರು ಇದನ್ನು ಬೇರೆ ರೀತಿಯಲ್ಲಿ ಹೇಳುತ್ತಾರೆ. ಮುರುಗೆಪ್ಪನವರು ಹೇಳುವ ಕಥೆಯಲ್ಲಿ ಏನೂ ನಡೆಯುವುದೇ ಇಲ್ಲ.

ಆತನ ಹೆಸರು ಸುಂದರ. ಯಾರ್ಡಿನಲ್ಲಿ ತೂಕದ ಸುಂದರ. ವಿಜಯಪುರದ ಮಿಶನ್ ಕಾಂಪೌಂಡಿನಲ್ಲಿ ಹುಟ್ಟಿದವನು; ಅಪ್ಪ ಅಲ್ಲಿಯ ಹತ್ತಿ ಪೇಟೆಯಲ್ಲಿ ತಕ್ಕಡಿ ಹಿಡಿದವನು. ಮುರುಗೆಪ್ಪನವರ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಬೆಳಗಿನ ಮೊದಲ ಚೀಲ ಕಾಟಾ ಏರುವ ಮುನ್ನ ಸುಂದರ ಚಪ್ಪಲಿ ಬಿಟ್ಟು, ಮೊಬೈಲನ್ನೂ ಬೀಗದ ಕೈಯನ್ನೂ ತೆಗೆದಿಟ್ಟು, ರೈತರೆಲ್ಲ ನೋಡುತ್ತಿರುವಂತೆ ತಾನೇ ಅದರ ಮೇಲೆ ನಿಲ್ಲಬೇಕು. ಕೆಂಪು ಅಂಕಿ ಅರವತ್ತೆರಡೂವರೆ ತೋರಿಸಬೇಕು. ಇದಕ್ಕೆ ಬೋಣಿ ತೂಕ ಎನ್ನುತ್ತಿದ್ದರು. ಸರಕಾರದ ಮುದ್ರೆ ಇರುವ ಕಬ್ಬಿಣದ ಕಲ್ಲುಗಳು ಪೆಟ್ಟಿಗೆಯಲ್ಲಿ ಇದ್ದೇ ಇದ್ದವು. ಆದರೆ ಕಬ್ಬಿಣದ ಹೊಟ್ಟೆ ಕೊರೆದು ಹಗುರ ಮಾಡಬಹುದು, ಮನುಷ್ಯನ ಹೊಟ್ಟೆ ಕೊರೆಯಲು ಬರುವುದಿಲ್ಲ ಎಂಬುದು ರೈತರ ಲೆಕ್ಕ. ಹತ್ತೊಂಬತ್ತು ವರ್ಷ ಒಂದು ದಿನವೂ ಆತ ಅವರಿಗೆ ಸುಳ್ಳಾಗಿರಲಿಲ್ಲ. ಇದು ತಾನಾಗಿ ಆದದ್ದಲ್ಲ. ರಾತ್ರಿ ಎರಡೂವರೆ ರೊಟ್ಟಿ, ಅದರಾಚೆ ಒಂದು ಚೂರಿಲ್ಲ. ಕ್ರಿಸ್ಮಸ್ಸಿನ ಕರಿಗಡಬನ್ನು ಹೆಂಡತಿ ನೀತಾ ತಟ್ಟೆಯಲ್ಲಿಟ್ಟರೆ ಅರ್ಧ ಮುರಿದು ತಿರುಗಿ ಡಬ್ಬಿಗೆ ಹಾಕುತ್ತಿದ್ದ. ಚರ್ಚಿನ ಸಭೆಯ ಪ್ರೀತಿ ಭೋಜನದ ದಿನ ಬಾಗಿಲಲ್ಲಿ ನಿಂತು ಬೇರೆಯವರ ಚಪ್ಪಲಿ ಜೋಡಿಸುತ್ತಿದ್ದ. ಈಸ್ಟರಿಗೆ ಮುಂಚಿನ ಶ್ರಮಕಾಲದ ಶುಕ್ರವಾರಗಳಲ್ಲಿ ಸಭೆಯವರೆಲ್ಲ ಉಪವಾಸ ಮಾಡಿದರೆ ಆತನೂ ಮಾಡುತ್ತಿದ್ದ, ಸಂಜೆ ಮಾತ್ರ ಉಪ್ಪು ಹಾಕಿದ ಮಜ್ಜಿಗೆಯನ್ನು ಚೊಂಬುಗಟ್ಟಲೆ ಕುಡಿದು ಕಳೆದುಹೋದದ್ದನ್ನು ತುಂಬಿಕೊಳ್ಳುತ್ತಿದ್ದ. ಪ್ರಭುಭೋಜನದ ರೊಟ್ಟಿಯ ತುಣುಕನ್ನು ಕೂಡ ಆತನ ನಾಲಿಗೆ ತನ್ನಷ್ಟಕ್ಕೆ ತೂಗಿಬಿಡುತ್ತಿತ್ತು: ಎರಡು ಗ್ರಾಂ, ಮೂರಿಲ್ಲ. ಹಾಗೆ ತೂಗಿದ್ದಕ್ಕೆ ನಾಚಿ ತಲೆ ತಗ್ಗಿಸಿದರೆ, ಪಕ್ಕದವರು ಸುಂದರಪ್ಪನಿಗೆ ಎಂಥ ಭಕ್ತಿ ಎಂದುಕೊಳ್ಳುತ್ತಿದ್ದರು. ಅದೂ ಒಂದು ಸುಳ್ಳು ಎಂದು ಆತ ಇನ್ನಷ್ಟು ತಗ್ಗಿಸುತ್ತಿದ್ದ.

ಶ್ರಮಕಾಲದ ಮೊದಲ ಭಾನುವಾರ ಇದೆಲ್ಲ ಶುರುವಾಯಿತು. ಮರಾಠಿ ಸಭೆಯವರು ತಮ್ಮ ಆರಾಧನೆ ಮುಗಿಸಿ ಹೋದ ಮೇಲೆ ಮಧ್ಯಾಹ್ನ ಎರಡಕ್ಕೆ ಅದೇ ಚರ್ಚ್ ಹಾಲಿನಲ್ಲಿ ಕನ್ನಡದವರು ಕೂಡುತ್ತಿದ್ದರು. ಪೀಠದ ಮೇಲಿನ ಹೂವು ಅಷ್ಟರಲ್ಲಿ ಬಾಡಿರುತ್ತಿತ್ತು. ಆ ದಿನ ಪಾದ್ರಿ ಅಯ್ಯನವರಿಗೆ ಜ್ವರ. ಪ್ರಸಂಗಕ್ಕೆ ನಿಂತವನು ಅಭಿಲಾಷ ಎಂಬ ಹುಡುಗ, ಮಂಡ್ಯದ ಕಡೆಯವನು, ಹಿಂಜವಡಿಯಲ್ಲಿ ಕಂಪ್ಯೂಟರ್ ಕೆಲಸ. "ನಮ್ ಪ್ರಾಬ್ಲಮ್ ಏನು ಗೊತ್ತಾ," ಎಂದ. "ಪ್ರಾಜೆಕ್ಟ್ ಡೆಲಿವರಿ ಮಾಡಿದ್ದು ಕ್ರಿಸ್ತ, ಮೇಂಟೆನೆನ್ಸ್ ಮಾತ್ರ ನಮ್ದು ಅನ್ಕೊಂಡಿದೀವಿ. ಬಾಗಿಲು ದಾಟಿಸೋವಾಗ ಎತ್ಕೊಂಡು ಬಂದವನು ಒಳಗೆ ಬಂದ್ಮೇಲೆ ಕೆಳಗೆ ಇಳಿಸಿಬಿಟ್ಟ ಅಂತ ಯಾರ್ ಹೇಳಿದ್ರು ನಿಮ್ಗೆ?" ಯಾರೂ ಹೇಳಿರಲಿಲ್ಲ. ಸುಂದರ ಕಂಬದ ಪಕ್ಕದ ಬೆಂಚಿನಲ್ಲಿ ಕುಳಿತು, ತನಗೆ ಯಾರು ಹೇಳಿದ್ದು ಎಂದು ಹುಡುಕತೊಡಗಿದ. ಹದಿನಾರನೆಯ ವಯಸ್ಸಿನಲ್ಲಿ ವಿಜಯಪುರದ ಗುಡಿಯಂಥ ಆ ಸಣ್ಣ ಚರ್ಚಿನಲ್ಲಿ ಮೊಣಕಾಲೂರಿ ಅತ್ತದ್ದು ನೆನಪಾಯಿತು. ಎದ್ದಾಗ ಚಪ್ಪಲಿ ಮರೆತು ಮನೆಯವರೆಗೆ ನಡೆದದ್ದು, ಸುಡುವ ನೆಲ ಕಾಲಿಗೆ ತಾಕದೆ ಇದ್ದದ್ದು. ಮರುದಿನ ಅಪ್ಪ, ಚಪ್ಪಲಿ ಎಲ್ಲಿ ಎಂದು ಕೇಳಿ ಕಪಾಳಕ್ಕೆ ಕೊಟ್ಟದ್ದು. ಸಿಕ್ಕದ್ದನ್ನು ಕಾಯ್ದುಕೊಳ್ಳಲು ಬರದವನು ನೀನು ಎಂದದ್ದು. ಮೂವತ್ತೆಂಟು ವರ್ಷಗಳಿಂದ ಆತ ಕಾಯ್ದುಕೊಳ್ಳುತ್ತಲೇ ಇದ್ದ. ಪ್ರಾರ್ಥನೆಯ ಹೊತ್ತಿಗೆ, ತುಟಿ ಅಲ್ಲಾಡಿಸದೆ, ಹೆಚ್ಚು ನಂಬಿಕೆಯೂ ಇಲ್ಲದೆ, ಸೊಂಟ ಹಿಡಿದುಕೊಂಡಿತ್ತು ಎಂಬ ಕಾರಣಕ್ಕೋ ಏನೋ, ಹಾಗಾದರೆ ನೀನೇ ಎತ್ತಿಕೋ ಎಂದುಬಿಟ್ಟ.

ಸೋಮವಾರ ಕಾಟಾ ಐವತ್ತೆಂಟು ತೋರಿಸಿತು. ರೈತರು ಒಬ್ಬರ ಮುಖ ಒಬ್ಬರು ನೋಡಿದರು. ಮುರುಗೆಪ್ಪನವರು ಕನ್ನಡಕ ಏರಿಸಿ ಅಂಕಿಯನ್ನು ನೋಡಿ, ಆಮೇಲೆ ಸುಂದರನನ್ನು ಮೇಲಿಂದ ಕೆಳಗೆ ನೋಡಿದರು. ಹಮಾಲನೊಬ್ಬನನ್ನು ನಿಲ್ಲಿಸಿದರು, ಎಪ್ಪತ್ತೊಂದು, ಸರಿ. ಪೆಟ್ಟಿಗೆಯ ಕಲ್ಲು ಇಟ್ಟರು, ಸರಿ. ಸುಂದರ ಮತ್ತೆ ನಿಂತ, ಐವತ್ತೆಂಟು. ಹೊಟ್ಟೆ ಸರಿ ಇರಲಿಲ್ಲ, ನಿನ್ನೆ ಏನೂ ತಿಂದಿಲ್ಲ ಎಂದು ಆತ ಹೇಳಿದ. ನಿನ್ನೆ ಎರಡೂವರೆ ರೊಟ್ಟಿ ತಿಂದಿದ್ದ. ಹತ್ತೊಂಬತ್ತು ವರ್ಷದಲ್ಲಿ ಕಾಟಾದ ಮೇಲೆ ನಿಂತು ಆಡಿದ ಮೊದಲ ಸುಳ್ಳು ಅದು, ಅದಕ್ಕೂ ಒಂದು ತೂಕ ಇರಬೇಕಿತ್ತು; ಅಂಕಿ ಕದಲಲಿಲ್ಲ. ಮಂಗಳವಾರ ಐವತ್ತೈದು. ಬುಧವಾರ ಐವತ್ತೊಂದೂವರೆ. ಅಂಗಿಯ ಗುಂಡಿ ಮೊದಲಿನ ಕಾಜದಲ್ಲಿಯೇ ಬೀಳುತ್ತಿತ್ತು, ಬೆಲ್ಟು ಮೊದಲಿನ ತೂತಿನಲ್ಲಿಯೇ ಕೂರುತ್ತಿತ್ತು. ಕನ್ನಡಿಯಲ್ಲಿದ್ದ ಮನುಷ್ಯ ಮೊದಲಿನ ಮನುಷ್ಯನೇ, ಸ್ವಲ್ಪ ಗಾಬರಿಯಾದವನು, ಅಷ್ಟೆ.

ಬಿಬವೇವಾಡಿಯ ಡಾಕ್ಟರರು ತಮ್ಮ ಯಂತ್ರದ ಮೇಲೆ ಆತನನ್ನು ನಿಲ್ಲಿಸಿ, ಮುಳ್ಳು ನಲವತ್ತೊಂಬತ್ತಕ್ಕೆ ನಿಂತದ್ದನ್ನು ಕಂಡು, ಮರಾಠಿಯಲ್ಲಿ ಯಂತ್ರವನ್ನು ಬೈದು, ಚೀಟಿಯ ಮೇಲೆ ಅರವತ್ತೆರಡು ಎಂದು ಅಂದಾಜಿನಿಂದ ಬರೆದು ಬಿಪಿಗೆ ಗುಳಿಗೆ ಕೊಟ್ಟರು. ರೈಲು ನಿಲ್ದಾಣದ ದೀಪದ ತೂಕದ ಯಂತ್ರ ಒಂದು ರೂಪಾಯಿ ನುಂಗಿ, ಬಹಳ ಹೊತ್ತು ಗಡಗಡ ಎಂದು, ಒಂದು ರಟ್ಟಿನ ಚೀಟಿ ಉಗುಳಿತು. ತೂಕದ ಜಾಗದಲ್ಲಿ ಏನೂ ಇರಲಿಲ್ಲ. ಹಿಂಬದಿಯಲ್ಲಿ, ನೀವು ಸ್ವಂತ ಬಲದಿಂದ ಮೇಲೆ ಬರುವವರು ಎಂದು ಹಿಂದಿಯಲ್ಲಿ ಅಚ್ಚಾಗಿತ್ತು. ಅದನ್ನು ಆತ ಸಣ್ಣಗೆ ಹರಿದು ಎರಡು ಬೇರೆ ಬೇರೆ ಕಸದ ಡಬ್ಬಿಗಳಿಗೆ ಹಾಕಿದ. ಮನೆಯಲ್ಲಿ ನೀತಾ, ಹಾಗಾದರೆ ನಾನೇ ನೋಡುತ್ತೇನೆ ಎಂದು ಸೆರಗು ಸಿಕ್ಕಿಸಿ, ಗಂಡನ ಸೊಂಟ ಹಿಡಿದು ಎತ್ತಲು ಹೋದಳು. ಒಂದು ಬೆರಳಷ್ಟೂ ಏಳಲಿಲ್ಲ. ಗೋಡೆಗೆ ಕೈಕೊಟ್ಟು ಏದುಸಿರು ಬಿಡುತ್ತ, "ಏನ ಹಗರ ಆಗೀರಿ? ಮದಿವ್ಯಾಗ ಹೆಂಗ ಇದ್ರಿ ಹಂಗ ಅದೀರಿ, ಮ್ಯಾಲ ಒಂದ ಪಾವ ಹೆಚ್ಚ" ಎಂದಳು. ಆಗ ಆತನಿಗೆ ನಿಜವಾದ ಭಯ ಹತ್ತಿತು. ತೂಕ ಇತ್ತು. ಎಲ್ಲಿಯೂ ಹೋಗಿರಲಿಲ್ಲ. ಕಾಟಾದವರೆಗೆ ಮುಟ್ಟುತ್ತಿರಲಿಲ್ಲ, ಅಷ್ಟೆ. ತನ್ನ ಅಂಗಾಲಿಗೂ ಕಬ್ಬಿಣದ ಹಲಗೆಗೂ ನಡುವೆ ಯಾರೋ ಕೈ ಒಡ್ಡುತ್ತಿದ್ದರು.

ಆತ ಮಂಚದ ಮೇಲೆ ಕುಳಿತು ತನ್ನ ಅಂಗಾಲುಗಳನ್ನು ತಿರುಗಿಸಿ ನೋಡಿಕೊಂಡ. ಉಳ್ಳಾಗಡ್ಡಿಯ ಸಿಪ್ಪೆಯೊಂದು ಅಂಟಿತ್ತು. ಇಷ್ಟು ಕೊಳಕು ಕಾಲನ್ನು ಹಿಡಿಯಲು ಯಾರಿಗಾದರೂ ಹೇಗೆ ಮನಸ್ಸು ಬಂದೀತು ಎಂದು ಆ ರಾತ್ರಿ ಊಟಕ್ಕೆ ಮುಂಚೆ ಕಾಲನ್ನು ಸೋಪು ಹಚ್ಚಿ ತೊಳೆದ. ತೊಳೆಯುತ್ತಿದ್ದಾಗ ಅವ್ವನ ಕಾಲು ನೆನಪಾಯಿತು. ಈ ಖೋಲಿಯಲ್ಲಿಯೇ, ಈ ಮಂಚದ ಮೇಲೆಯೇ, ಸೊಂಟದ ಎಲುಬು ಮುರಿದು ಅವಳು ಹನ್ನೊಂದು ತಿಂಗಳು ಮಲಗಿದ್ದಳು. ದಿನಕ್ಕೆ ನಾಲ್ಕು ಸಲ ಮೋರಿಗೆ, ಖೋಲಿಯ ಮೂಲೆಯ ಬಚ್ಚಲಿಗೆ, ಎತ್ತಿಕೊಂಡು ಹೋಗುವವನು ಆತ. ಕೈ ಕೆಳಗೆ ತೂರಿಸಿ ಎತ್ತಿದ ಕೂಡಲೆ ಅವಳು ಗಲ್ಲ ಉಬ್ಬಿಸಿ ಉಸಿರು ಬಿಗಿಹಿಡಿಯುತ್ತಿದ್ದಳು, ಮೋರಿಯ ಕಟ್ಟೆಯ ಮೇಲೆ ಕೂರಿಸುವತನಕ ಬಿಡುತ್ತಿರಲಿಲ್ಲ, ಮುಖ ಕಪ್ಪಿಡುತ್ತಿತ್ತು. ಬಹಳ ದಿನ ಅದು ನೋವು ಎಂದುಕೊಂಡಿದ್ದ. ಒಂದು ದಿನ ಕೇಳಿದಾಗ ಅವಳು, "ಉಸರ ಬಿಟ್ಟರ ಭಾರ ಆಗ್ತೀನೋ ಮಗನ" ಎಂದಳು. ಉಸಿರಿಗೆ ತೂಕ ಇಲ್ಲ ಎಂದು ತೂಕದವನಾದ ಆತ ಎಷ್ಟು ಹೇಳಿದರೂ ಅವಳು ನಂಬಲಿಲ್ಲ. ಬಿಗಿಹಿಡಿದಷ್ಟೂ ಅವಳ ಮೈ ಕಟ್ಟಿಗೆಯಂತೆ ಸೆಟೆದು ಕೈಯಿಂದ ಜಾರಲು ನೋಡುತ್ತಿತ್ತು. ಹಗುರಾಗಲೆಂದು ಅವಳು ಮಾಡುತ್ತಿದ್ದುದೇ ಅವಳನ್ನು ಎತ್ತಲು ಕಷ್ಟ ಮಾಡುತ್ತಿತ್ತು. ಎಷ್ಟೋ ಸಲ ಸಿಟ್ಟು ಬಂದಿತ್ತು ಆತನಿಗೆ. ಒಂದು ಸಲ, ಅದನ್ನು ಆತ ನೀತಾಳಿಗೂ ಹೇಳಿರಲಿಲ್ಲ, ಕಟ್ಟೆಯ ಮೇಲೆ ಸ್ವಲ್ಪ ಜೋರಾಗಿಯೇ ಇಳಿಸಿದ್ದ.

ಶನಿವಾರದ ಹೊತ್ತಿಗೆ ರೈತರ ನಡುವೆ ಮಾತು ಶುರುವಾಗಿತ್ತು. ಬೋಣಿ ತೂಕ ಸರಿ ಇಲ್ಲದ ಅಂಗಡಿಯಲ್ಲಿ ಮಾಲು ಇಳಿಸುವುದು ಹೇಗೆ ಎಂದು ಸಾಸವಡದ ಕಡೆಯ ಮುದುಕ ರೈತನೊಬ್ಬ ತನ್ನ ಚೀಲಗಳನ್ನು ಲಾರಿಯಲ್ಲಿಯೇ ಬಿಟ್ಟು ಅರ್ಧ ತಾಸು ಯೋಚಿಸಿದ. ಮುರುಗೆಪ್ಪನವರು ಸುಂದರನನ್ನು ಗಾದಿಯ ಹತ್ತಿರ ಕರೆದು, "ಸುಂದರಪ್ಪ, ನೀ ಖರೇದಾಂವ, ನನಗ ಗೊತ್ತದ. ಖರೇ ಕಾಣಸಾಕೂ ಬೇಕಲ್ಲ. ಸೋಮವಾರ ಮೊದಲಿನಂಗ ಬರಲಿಲ್ಲಂದ್ರ ಕಾಟಾದ ಮ್ಯಾಲ ಬ್ಯಾರೇದವರನ್ನ ನಿಂದ್ರಸಬೇಕಾಗ್ತದ" ಎಂದರು. ಬೇರೆಯವರನ್ನು. ಹತ್ತೊಂಬತ್ತು ವರ್ಷ ಕರಿಗಡಬು ಮುರಿದಿಟ್ಟವನು ಇಲ್ಲಿ ನಿಂತಿರುವಾಗ, ಸಿಕ್ಕದ್ದನ್ನೆಲ್ಲ ತಿಂದು ಇವತ್ತು ಎಪ್ಪತ್ತು ನಾಳೆ ಎಪ್ಪತ್ತೆರಡು ಆಗುವ ಯಾರನ್ನೋ. ಮನೆಗೆ ಬಂದವನೇ ಮಂಚದ ಕೆಳಗಿನ ಟ್ರಂಕು ಎಳೆದ. ಅಪ್ಪನ ಕಾಲದ ತೂಕದ ಕಲ್ಲುಗಳು ಅಲ್ಲಿದ್ದವು, ಐದು ಕಿಲೋದವು, ಎರಡರವು, ಒಂದರವು, ಎಣ್ಣೆಬಟ್ಟೆಯಲ್ಲಿ ಸುತ್ತಿದ್ದವು. ನೀತಾ ದಬ್ಬಣ ಹಿಡಿದು ಗೋಣಿತಟ್ಟಿನಿಂದ ತೋಳಿಲ್ಲದ ಒಂದು ಕುಪ್ಪಸ ಹೊಲಿದಳು, ಎದೆಗೆ ನಾಲ್ಕು ಜೇಬು, ಬೆನ್ನಿಗೆ ನಾಲ್ಕು, ಸೊಂಟದ ಸುತ್ತ ಪಟ್ಟಿ. ಕಳ್ಳತೂಕ ದೇವರಿಗೆ ಅಸಹ್ಯ ಎಂದು ಭಾನುವಾರದ ಶಾಲೆಯಲ್ಲಿ ಇಬ್ಬರೂ ಬಾಯಿಪಾಠ ಮಾಡಿದವರೇ. "ನನಗ ಇದು ಪಾಪ ಅನಸ್ತದ್ರಿ," ಎಂದಳು ನೀತಾ, ದಾರವನ್ನು ಹಲ್ಲಿನಿಂದ ಕತ್ತರಿಸುತ್ತ, ಬಟ್ಟೆಯನ್ನು ದೀಪಕ್ಕೆ ಹಿಡಿದು ನೋಡಿ, "ಹೊಲಿಗಿ ಮಾತ್ರ ಚೊಲೊ ಬಂದದ."

ಅಲ್ಲಿಂದ ಮೂರು ವಾರ ಆತ ಪ್ರತಿ ಬೆಳಗ್ಗೆ ಮಾರ್ಕೆಟ್ ಯಾರ್ಡಿಗೆ ಹೋಗುವ ದಾರಿಯಲ್ಲಿ ಹಳೇ ಕಬ್ಬಿಣ ಕೊಳ್ಳುವ ಒಬ್ಬ ಭಂಗಾರದವನ ಕಾಟಾದ ಮೇಲೆ ನಿಂತು, ಆ ದಿನ ಎಷ್ಟು ಕಡಿಮೆ ಬಿದ್ದಿದೆಯೋ ಅಷ್ಟು ಕಬ್ಬಿಣ ತುಂಬಿಕೊಂಡು ಹೊರಡುತ್ತಿದ್ದ. ಭಂಗಾರದವನು ತನ್ನ ಜೀವಮಾನದಲ್ಲಿ ಕಬ್ಬಿಣ ತಂದವರನ್ನು ಕಂಡಿದ್ದ, ಕಬ್ಬಿಣ ಹಾಕಿಕೊಂಡು ಹೋಗುವವನನ್ನು ಕಂಡಿರಲಿಲ್ಲ. ಏನೂ ಕೇಳದೆ ಪ್ರತಿದಿನ ಒಂದು ಸ್ಟೂಲು ಕೊಡುತ್ತಿದ್ದ. ಹದಿನೈದು ಕಿಲೋ. ಇಪ್ಪತ್ತೆರಡು. ಮೂವತ್ತೊಂದು. ಕಾಟಾ ಹೇಳುವ ಪ್ರಕಾರ ಹಗುರಾಗುತ್ತಿದ್ದ ಮನುಷ್ಯ ಮೆಟ್ಟಿಲು ಹತ್ತಲಾರದೆ ಕುಳಿತು ಕುಳಿತು ಹತ್ತುತ್ತಿದ್ದ. ಬಸ್ಸಿನಲ್ಲಿ ಹೆಂಗಸೊಬ್ಬಳು ಎದ್ದು ಜಾಗ ಬಿಟ್ಟುಕೊಟ್ಟಳು. ಕುಳಿತಾಗ ಕಬ್ಬಿಣ ಕಬ್ಬಿಣಕ್ಕೆ ತಾಗಿ ಗುಡಿಯ ಗಂಟೆಯಂಥ ಸದ್ದು ಹೊರಟಿತು, ಅವಳು ಕೈಮುಗಿದಳು. ಯಾರ್ಡಿನಲ್ಲಿ ಅಂಕಿ ಅರವತ್ತೆರಡೂವರೆಗೆ ಬಂದು ನಿಂತದ್ದನ್ನು ಕಂಡು ರೈತರು ಸಮಾಧಾನಪಟ್ಟರು, ಮುರುಗೆಪ್ಪನವರು ಮುಖ ಬೇರೆ ಕಡೆಗೆ ತಿರುಗಿಸಿ ಸಮಾಧಾನಪಟ್ಟರು. ಮೊದಲು ಆತ ಕೇವಲ ತನ್ನನ್ನು ಹೊತ್ತಿದ್ದ, ಈಗ ತನ್ನಂತೆ ಕಾಣುವ ಕಬ್ಬಿಣವನ್ನೂ ಹೊರುತ್ತಿದ್ದ. ಅದರಲ್ಲಿಯೂ ಒಂದು ಕೆಟ್ಟ ನೆಮ್ಮದಿ ಇತ್ತು. ಭುಜದ ಮೇಲೆ ಪಟ್ಟಿ ಕೊರೆದ ಗಾಯ ಉರಿದಾಗ, ಇದಾದರೂ ನನ್ನದು ಎನಿಸುತ್ತಿತ್ತು.

ಆದರೂ ಆ ಮೂರು ವಾರದ ಕೊನೆಯ ಭಾನುವಾರ ಆರಾಧನೆ ಮುಗಿದ ಮೇಲೆ ಅಭಿಲಾಷನನ್ನು ಹಾಲಿನ ಹಿಂದಿನ ನಳದ ಹತ್ತಿರ ಕರೆದುಕೊಂಡು ಹೋಗಿ ಎಲ್ಲ ಹೇಳಿ, ಆ ಪ್ರಾರ್ಥನೆಯನ್ನು ಹೇಗಾದರೂ ಹಿಂದಕ್ಕೆ ತೆಗೆದುಕೊಳ್ಳಲು ಬರುತ್ತದೆಯೇ ಎಂದು ಕೇಳಿದ. ಹುಡುಗ ನಕ್ಕ, ಆಮೇಲೆ ನಗಲಿಲ್ಲ. "ಅಂಕಲ್, ನಾನು ಎಕ್ಸಾಂಪಲ್‌ಗೆ ಹೇಳಿದ್ದು" ಎಂದ. ಇಬ್ಬರೂ ರಸ್ತೆ ದಾಟಿ ಔಷಧ ಅಂಗಡಿಯ ಯಂತ್ರಕ್ಕೆ ಹೋದರು. ಸುಂದರ ಆ ದಿನ ಕಬ್ಬಿಣ ಹಾಕಿರಲಿಲ್ಲ, ಮೂವತ್ತೊಂದು ಬಂತು. ಅಭಿಲಾಷ ಬಹಳ ಹೊತ್ತು ಅಂಕಿಯನ್ನು ನೋಡಿದ. ಆಮೇಲೆ ಶೂ ಬಿಚ್ಚಿ, ಸಾಕ್ಸು ಬಿಚ್ಚಿ, ಕಣ್ಣು ಮುಚ್ಚಿ ತಾನೂ ಏರಿದ. ಎಂಬತ್ತೊಂದು. ಇಳಿದು, ಮತ್ತೆ ಏರಿದ. ಎಂಬತ್ತೊಂದು, ನೂರು ಗ್ರಾಂ ಹೆಚ್ಚು. ಸಾಕ್ಸು ಹಾಕಿಕೊಳ್ಳುತ್ತ, ನೆಲ ನೋಡುತ್ತ, "ಪ್ರಿಪೇರ್ ಮಾಡಿದ್ದು ನಾನು ಅಂಕಲ್, ನಾಲ್ಕು ರಾತ್ರಿ. ನಂಗ್ಯಾಕೆ ಆಗ್ಲಿಲ್ಲ?" ಎಂದ. ಸುಂದರ ತನಗಿಂತ ಹೆಚ್ಚು ಅರ್ಹನಾದವನ ಎದುರು ತಪ್ಪಾಗಿ ಬಹುಮಾನ ಸಿಕ್ಕವನಂತೆ ನಿಂತು, ಹುಡುಗನಿಗೆ ಒಂದು ಚಹಾ ಕುಡಿಸಿದ. ನಾಲ್ಕು ರಾತ್ರಿ ಕಷ್ಟಪಟ್ಟವನಿಗೆ ಬಾರದ್ದು, ಸೊಂಟ ಹಿಡಿದುಕೊಂಡು ಬೇಸರದಿಂದ ಕೇಳಿದವನಿಗೆ ಬಂದಿತ್ತು. ತೂಕದ ವೃತ್ತಿಯಲ್ಲಿ ಇಂಥ ಅನ್ಯಾಯವನ್ನು ಆತ ಎಂದೂ ಸಹಿಸಿರಲಿಲ್ಲ.

ಇನ್ನು ಕಾಶವ್ವ ತನ್ನ ಕಣ್ಣಿನಿಂದ ಕಂಡದ್ದು. ಅದು ಆಮೇಲಿನ ಬುಧವಾರ. ಸಾಸವಡದ ಆ ಮುದುಕ ರೈತ ಎಲ್ಲರಿಗಿಂತ ಮುಂದೆ, ಕಾಟಾದ ಎದುರಿಗೇ ಕುಕ್ಕರಗಾಲಲ್ಲಿ ಕುಳಿತಿದ್ದ. ಸುಂದರ ಚಪ್ಪಲಿ ಬಿಟ್ಟು, ಗಾಲಿ ಕಿತ್ತ ಬಂಡಿಯಂತೆ ಹೊರಳುತ್ತ ಬಂದು, ಹಲಗೆಯ ಮೇಲೆ ಒಂದು ಕಾಲಿಟ್ಟು ಇನ್ನೊಂದು ಕಾಲು ಎತ್ತುವಷ್ಟರಲ್ಲಿ ಸೊಂಟದ ಪಟ್ಟಿ ಹರಿಯಿತು. ನೀತಾಳ ಹೊಲಿಗೆ ಹರಿಯಲಿಲ್ಲ, ಗೋಣಿತಟ್ಟೇ ಹರಿಯಿತು. ಇದನ್ನು ಹೇಳಲು ನೀತಾ ಇವತ್ತಿಗೂ ಮರೆಯುವುದಿಲ್ಲ. ಐದು ಕಿಲೋದ ಕಲ್ಲು ಪೈಜಾಮದ ಕಾಲಿನಿಂದ ಇಳಿದು ಹಲಗೆಯ ಮೇಲೆ ಬಿತ್ತು. ಅದರ ಹಿಂದೆ ಇನ್ನೊಂದು. ಒಂದು ಕಿಲೋದ್ದು ಉರುಳುತ್ತ ಹೋಗಿ ಮುದುಕನ ಪಾದದ ಹತ್ತಿರ ನಿಂತಿತು. ಮುದುಕ ಅದನ್ನು ಎತ್ತಿ, ಕೆಳಗಿನ ಸೀಸ ತುಂಬಿದ ತೂತಿನಲ್ಲಿ ಬೆರಳಿಟ್ಟು ನೋಡಿ, ಕೊರೆದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಬಹಳ ಮೆತ್ತಗೆ, ಹಾಗಾದರೆ ಇಷ್ಟು ದಿನ ನಮ್ಮ ಉಳ್ಳಾಗಡ್ಡಿ ತೂಗಿದ್ದು ಯಾರು ಎಂದು ಮರಾಠಿಯಲ್ಲಿ ಕೇಳಿದ.

ಸುಂದರ ಅಂಗಿ ಬಿಚ್ಚಿದ. ಎಲ್ಲರೆದುರು ಗೋಣಿತಟ್ಟಿನ ಕುಪ್ಪಸದಲ್ಲಿ ನಿಂತು, ಒಂದೊಂದೇ ಜೇಬಿನಿಂದ ಒಂದೊಂದೇ ಕಲ್ಲು ತೆಗೆದು ನೆಲಕ್ಕಿಟ್ಟ. ಪ್ರತಿಯೊಂದನ್ನು ಇಡುವಾಗಲೂ ಅದರ ತೂಕವನ್ನು ಗಟ್ಟಿಯಾಗಿ ಹೇಳಿದ. ಅದು ಅಭ್ಯಾಸ, ಆತನಿಗೆ ತಪ್ಪಿಸಲಾಗಲಿಲ್ಲ. ಪಾಟೀಲ ಎರಡು, ಪಾಟೀಲ ಎರಡು ಎಂದು ರೈತರ ಚೀಲಗಳನ್ನು ಕೂಗುವ ಅದೇ ದನಿಯಲ್ಲಿ ತನ್ನ ಸುಳ್ಳನ್ನು ಕೂಗಿದ. ಆಮೇಲೆ, ಮೂರು ವಾರದಿಂದ ಕಬ್ಬಿಣ ಕಟ್ಟಿಕೊಂಡು ನಿಂತಿದ್ದೇನೆ, ಕಾಟಾ ಸರಿ ಇದೆ, ತಪ್ಪು ನನ್ನದು, ಇನ್ನು ನನ್ನ ಮೇಲೆ ನಂಬಿಕೆ ಇಡಬೇಡಿರಿ ಎಂದು ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದ. ಮುರುಗೆಪ್ಪನವರು ಗಾದಿಯಿಂದ ಇಳಿದು ಬಂದಿದ್ದರು. "ಹತ್ತು," ಎಂದರು. "ಹತ್ತು, ನೋಡೋಣು. ಆದದ್ದು ಆಗಲಿ." ಆತ ಎರಡೂ ಕಾಲಿಟ್ಟು ಹತ್ತಿದ. ಮೂವತ್ತೊಂದು.

ಅರ್ಧ ಮನುಷ್ಯ. ನಲವತ್ತು ಜೋಡಿ ಕಣ್ಣು ಕೆಂಪು ಅಂಕಿಯ ಮೇಲಿದ್ದವು, ಆತನ ಮೈಮೇಲಲ್ಲ. ಆತ ನೆಟ್ಟಗೆ ನಿಂತಿದ್ದ, ಹೊಟ್ಟೆ ಒಳಕ್ಕೆ, ಮುಷ್ಟಿ ಬಿಗಿ, ಮೂವತ್ತೊಂದರಿಂದ ಇನ್ನೊಂದು ಕಿಲೋ ಜಾರದಂತೆ ಹಲ್ಲು ಕಚ್ಚಿ. ಇಷ್ಟಾದರೂ ಉಳಿಯಲಿ. ಇಷ್ಟು ತಾನು ಹೊತ್ತದ್ದು ಎಂದು ತೋರಿಸಲು ಇರಲಿ. ಗಲ್ಲ ಉಬ್ಬಿದೆ ಎಂದು ಗೊತ್ತಾದದ್ದು ಕಿವಿಯಲ್ಲಿ ರಕ್ತ ಹೊಡೆದುಕೊಳ್ಳುವ ಸದ್ದು ಕೇಳಿಸಿದಾಗ. ಆ ಮೊದಲ ಸೋಮವಾರದಿಂದ, ಅಲ್ಲ, ಅದಕ್ಕೂ ಮೊದಲಿನಿಂದ, ಅಪ್ಪ ಹೊಡೆದ ಬೆಳಗಿನಿಂದಲೋ ಏನೋ, ಆತ ಉಸಿರು ಬಿಗಿಹಿಡಿದೇ ನಿಂತಿದ್ದ. ಮೋರಿಯ ಕಟ್ಟೆಯ ಎದುರು ಕೈಯಲ್ಲಿ ಅವ್ವ, ಸೆಟೆದ ಕಟ್ಟಿಗೆ, ಕಪ್ಪಿಟ್ಟ ಮುಖ. ನಾನು ಹಿಡಿದಿದ್ದೇನೆ, ಉಸಿರು ಬಿಡಬೇ, ಬಿಡು ಎಂದು ಆತ ಸಿಟ್ಟಿನಿಂದ ಅವಳಿಗೆ ಹೇಳುತ್ತಿದ್ದ, ದಿನಕ್ಕೆ ನಾಲ್ಕು ಸಲ, ಹನ್ನೊಂದು ತಿಂಗಳು. ಅವಳನ್ನು ಎಂದಾದರೂ ಬೀಳಿಸಿದ್ದನೆ? ಒಮ್ಮೆ ಜೋರಾಗಿ ಇಳಿಸಿದ್ದ. ಅಂಥ ಕೈಯೂ ಅವಳನ್ನು ಬೀಳಿಸಿರಲಿಲ್ಲ. ಅವ್ವ ಕೊನೆಯ ವಾರದಲ್ಲಿ ದಣಿದೋ, ಮರೆತೋ, ಒಮ್ಮೆ ಉಸಿರು ಬಿಟ್ಟುಬಿಟ್ಟಿದ್ದಳು. ತಲೆ ಆತನ ಹೆಗಲಿಗೆ ಬಿದ್ದಿತ್ತು, ಮತ್ತು ಅಷ್ಟು ದಿನಗಳಲ್ಲಿ ಮೊದಲ ಸಲ ಅವಳನ್ನು ಎತ್ತಿಕೊಂಡು ಹೋಗುವುದು ಸುಲಭವಾಗಿತ್ತು.

ಸುಂದರ ಉಸಿರು ಬಿಟ್ಟ. ದೊಡ್ಡ ಸದ್ದಾಯಿತು, ಲಾರಿಯ ಟೈರಿನಿಂದ ಗಾಳಿ ಬಿಟ್ಟಂತೆ ಎಂದಳು ಕಾಶವ್ವ. ಹೆಗಲು ಇಳಿಯಿತು, ಹೊಟ್ಟೆ ಮುಂದಕ್ಕೆ ಬಂತು, ಮೊಣಕಾಲು ಸ್ವಲ್ಪ ಬಾಗಿತು. ಮೂವತ್ತೊಂದು ಇಪ್ಪತ್ತಾಯಿತು, ಹನ್ನೆರಡಾಯಿತು, ನಾಲ್ಕಾಯಿತು. ಒಂದು ಕ್ಷಣ ಎರಡಕ್ಕೆ ನಿಂತು ಯೋಚಿಸಿತು. ಆಮೇಲೆ ಸೊನ್ನೆ. ಆತ ಕಾಲ ಕೆಳಗೆ ನೋಡಲಿಲ್ಲ. ಹಾರಲಿಲ್ಲ, ಬೀಳಲೂ ಇಲ್ಲ. ಐವತ್ತನಾಲ್ಕು ವರ್ಷದ, ಹೊಟ್ಟೆ ಬಿಟ್ಟ, ಗೋಣಿತಟ್ಟು ತೊಟ್ಟ ಮನುಷ್ಯನೊಬ್ಬ ಕಾಟಾದ ಮೇಲೆ ಆರಾಮಾಗಿ ನಿಂತಿದ್ದ, ಕಾಟಾ ಅಲ್ಲಿ ಯಾರೂ ಇಲ್ಲ ಎನ್ನುತ್ತಿತ್ತು.

ಮೊದಲು ಮಾತಾಡಿದವಳು ಕಾಶವ್ವ. ತೂಕದವರ ದೊಡ್ಡ ಪಾಪ ಯಾವುದು ಎಂದು ಯಾರ್ಡಿನಲ್ಲಿ ಎಲ್ಲರಿಗೂ ಗೊತ್ತು: ಚೀಲ ತೂಗುವಾಗ ಹಲಗೆಯ ಅಂಚಿಗೆ ಕಾಲಿನ ಹೆಬ್ಬೆರಳು ಹಚ್ಚುವುದು. ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, "ಚೊಲೊ ಆತು ತಮ್ಮಾ. ಇನ್ನ ನೀ ಕಾಲಲ್ಲ, ಇಡೀ ಮೈ ಹಚ್ಚಿದ್ರೂ ಯಾರ ಚೀಲಾನೂ ಭಾರ ಆಗೂದಿಲ್ಲ" ಎಂದಳು. ಹಮಾಲರು ನಕ್ಕರು. ಮುದುಕ ನಗಲಿಲ್ಲ; ಅವನು ಆ ಮಾತನ್ನು ಮರಾಠಿಗೆ ತಿರುಗಿಸಿ ಹೇಳಿಸಿಕೊಂಡು, ಅದರೊಳಗಿನ ನ್ಯಾಯವನ್ನು ಬಹಳ ಹೊತ್ತು ಅಳೆದ. ಕೊನೆಗೆ ಎದ್ದು ಹೋಗಿ ಹಮಾಲರಿಗೆ ಕೈ ಮಾಡಿದ. ಅವನ ಮೊದಲ ಚೀಲವನ್ನು, ಸುಂದರ ಕಾಟಾದಿಂದ ಇಳಿಯುವ ಮುನ್ನವೇ, ಆತನ ಪಕ್ಕದಲ್ಲಿ ತಂದಿಟ್ಟರು. ನಲವತ್ತೊಂಬತ್ತು ಕಿಲೋ. ಸುಂದರ ಇಳಿದ. ನಲವತ್ತೊಂಬತ್ತು ಕಿಲೋ. ಮುದುಕ ತಲೆ ಆಡಿಸಿ, ಬರೆದುಕೋ ಎಂದ.

ಹಮಾಲರು ಹೇಳುವಂತೆ ಆತ ಮರುದಿನದಿಂದ ಕೆಲಸಕ್ಕೆ ಬರಲಿಲ್ಲ. ಅದು ಸುಳ್ಳು, ಆತ ಬರುತ್ತಿದ್ದಾನೆ. ಮುರುಗೆಪ್ಪನವರು ಹೇಳುವಂತೆ ಕಾಟಾದೊಳಗೆ ಉಳ್ಳಾಗಡ್ಡಿಯ ಮಣ್ಣು ಹೋಗಿತ್ತು, ಆಮೇಲೆ ಸರಿಯಾಯಿತು. ಕಾಟಾ ದುರಸ್ತಿಯವನು ಎರಡು ಸಲ ಬಂದು ಬಿಚ್ಚಿ ನೋಡಿ ಮಣ್ಣಿಲ್ಲ ಎಂದು ಹೋದದ್ದನ್ನು ಅವರು ಹೇಳುವುದಿಲ್ಲ. ಬೋಣಿ ತೂಕದ ಪದ್ಧತಿ ಬಿಟ್ಟುಹೋಗಿಲ್ಲ. ಈಗಲೂ ಬೆಳಗ್ಗೆ ಸುಂದರ ಚಪ್ಪಲಿ ಬಿಟ್ಟು ಮೊದಲು ನಿಲ್ಲುತ್ತಾನೆ, ಸೊನ್ನೆ ಬಂದರೆ ಕಾಟಾ ಸರಿ ಎಂದು ರೈತರು ಮಾಲು ಇಳಿಸುತ್ತಾರೆ. ಖಾಲಿ ಕಾಟಾ ಕೂಡ ಸೊನ್ನೆಯನ್ನೇ ತೋರಿಸುತ್ತದಲ್ಲ, ಹಾಗಾದರೆ ಆತ ನಿಲ್ಲುವುದರಿಂದ ತಿಳಿಯುವುದೇನು ಎಂದು ಕೇಳಿದರೆ, ಏನೂ ತಿಳಿಯುವುದಿಲ್ಲ ಎಂದು ಒಪ್ಪುತ್ತಾರೆ, ನಿಲ್ಲಿಸುವುದನ್ನು ಬಿಡುವುದಿಲ್ಲ. ಆ ವರ್ಷದ ಈಸ್ಟರಿನ ಪ್ರೀತಿ ಭೋಜನದಲ್ಲಿ ಆತ ಎರಡು ಸಲ ಅನ್ನ ಹಾಕಿಸಿಕೊಂಡನೆಂದು ನೀತಾ ಹೇಳಿದ್ದಾಳೆ. ಕೆಲವು ಬೆಳಗು, ರೈತರ ಗದ್ದಲದಲ್ಲಿಯೋ ಯಾರಾದರೂ ಹೊಗಳಿದಾಗಲೋ, ಗಲ್ಲ ಉಬ್ಬಿ ಅಂಕಿ ಎರಡಕ್ಕೋ ಮೂರಕ್ಕೋ ಏರುವುದುಂಟು. ಆಗ ಆರಿಸುತ್ತಿರುವ ಕಡೆಯಿಂದಲೇ ಕಾಶವ್ವ, "ಉಸರ ಬಿಡೋ" ಎಂದು ಕೂಗುತ್ತಾಳೆ. ಅವಳಿಗೆ ಆತನ ದೇವರ ವಿಷಯ ಏನೂ ಗೊತ್ತಿಲ್ಲ, ಮೇಲಾಗಿ ಅವಳು ಯಲ್ಲಮ್ಮನ ಒಕ್ಕಲು. ಕೂಗುವುದು ತಪ್ಪಿಸುವುದಿಲ್ಲ.

ಕಥೆ ಇಲ್ಲಿಗೆ ಮುಗಿದಾಗ ಕೇಳುತ್ತಿದ್ದವರಲ್ಲಿ ಎಲ್ಲರಿಗಿಂತ ಚಿಕ್ಕವಳು, ಹಾಗಾದರೆ ಆ ಅರವತ್ತೆರಡು ಕಿಲೋ ಈಗ ಯಾರ ಮೇಲೆ ಇದೆ ಎಂದು ಕೇಳಿದಳು. ಕಾಶವ್ವ ಎಲೆಅಡಿಕೆ ಉಗುಳಲು ಎದ್ದು ಹೋದಳು. ಅಷ್ಟರಲ್ಲಿ ಮುರುಗೆಪ್ಪನವರು ಫೋನು ಇಟ್ಟು, ಲಾರಿಗಳು ನಾಳೆಯವರೆಗೆ ಬರುವುದಿಲ್ಲ, ಹೋಗಿರಿ ಎಂದರು. ಹೆಂಗಸರು ಎದ್ದು ಸೀರೆಗೆ ಅಂಟಿದ ಸಿಪ್ಪೆ ಝಾಡಿಸಿದರು. ಹರಕು ಚೀಲ, ಕಟ್ಟಿಗೆ ಚೂರು ಕಟ್ಟಿಕೊಂಡ ಗಂಟುಗಳನ್ನು ಒಬ್ಬರು ಇನ್ನೊಬ್ಬರ ತಲೆಗೆ ಎತ್ತಿಕೊಟ್ಟರು, ಕಡೆಗೆ ಉಳಿಯುವವಳಿಗೆ ಎತ್ತಿಕೊಡಲು ಯಾರೂ ಇರುವುದಿಲ್ಲ. ಅವತ್ತು ಕಾಶವ್ವ ಉಳಿದಳು. ಸುಂದರ ಸುತಳಿಯನ್ನು ಬದಿಗಿಟ್ಟು ಕಾಟಾದ ಹಲಗೆಯಿಂದ ಎದ್ದು ಬಂದು, ಗಂಟನ್ನು ಅವಳ ಸಿಂಬಿಯ ಮೇಲೆ ಇಟ್ಟ. ಅವಳು ಕತ್ತು ನೆಟ್ಟಗೆ ಮಾಡಿಕೊಂಡು ಉಳಿದವರ ಹಿಂದೆ ಬಿಬವೇವಾಡಿಯ ಗೇಟಿನ ಕಡೆಗೆ ನಡೆದಳು. ಆತ ಕುಳಿತಿದ್ದಾಗ ಉರಿಯುತ್ತಿದ್ದ ಕೆಂಪು ಸೊನ್ನೆ ಆತ ಎದ್ದ ಮೇಲೂ ಹಾಗೆಯೇ ಉರಿಯುತ್ತಿತ್ತು.